ಸಮುದ್ರಕ್ಕೆ ಬೀಗ, ದಡಕ್ಕೆ ತೆರೆದ ಬಾಗಿಲು: ಮುಕ್ತ ವ್ಯಾಪಾರ ಒಪ್ಪಂದಗಳು ಮತ್ತು ಮೀನುಗಾರಿಕೆಯಲ್ಲಿ ವಿದೇಶಿ ಬಂಡವಾಳ

2025ರ ಅಕ್ಟೋಬರ್ 1ರಂದು ಭಾರತ ಮತ್ತು ಇಎಫ್‌ಟಿಎ (ಯುರೋಪಿಯನ್ ಮುಕ್ತ ವ್ಯಾಪಾರ ಸಂಘ) ಕೂಟದ ನಡುವಿನ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಈ ಕೂಟದ ನಾಲ್ಕು ದೇಶಗಳು. ಒಪ್ಪಂದದ ಏಳನೇ ಅಧ್ಯಾಯ ಬಂಡವಾಳದ್ದು. ಮೊದಲ 10 ವರ್ಷಗಳಲ್ಲಿ 50 ಬಿಲಿಯನ್ ಡಾಲರ್, ಅದರ ಮೇಲಿನ 5 ವರ್ಷಗಳಲ್ಲಿ ಮತ್ತೆ 50 ಬಿಲಿಯನ್ ಡಾಲರ್ ನೇರ ಹೂಡಿಕೆ ಭಾರತಕ್ಕೆ ಬರಬೇಕು, 10 ಲಕ್ಷ ಉದ್ಯೋಗ ಹುಟ್ಟಬೇಕು ಎಂಬ ಗುರಿಯನ್ನು ಆ ದೇಶಗಳು ಲಿಖಿತವಾಗಿ ಒಪ್ಪಿಕೊಂಡಿವೆ. ಷೇರುಪೇಟೆಯಲ್ಲಿ ಇವತ್ತು ಬಂದು ನಾಳೆ ಹೋಗುವ ಹಣ ಈ ಲೆಕ್ಕಕ್ಕೆ ಸೇರುವುದಿಲ್ಲ. ಕಾರ್ಖಾನೆ, ಕಂಪನಿ, ಪಾಲುದಾರಿಕೆಯ ರೂಪದಲ್ಲಿ ಬಂದದ್ದು ಮಾತ್ರ ಲೆಕ್ಕ.

ಈ ನಾಲ್ಕರಲ್ಲಿ ನಾರ್ವೆ ಮತ್ತು ಐಸ್‌ಲ್ಯಾಂಡ್ ಮೀನಿನ ಒಳಹೊರಗು ಬಲ್ಲ ದೇಶಗಳು. ಹಾಗಾಗಿ ಆ ಹಣದಲ್ಲಿ ಸ್ವಲ್ಪ ನಮ್ಮ ಮೀನುಗಾರಿಕೆಗೂ ಬಂದೀತೆ, ಬಂದರೆ ಎಲ್ಲಿ ಬಂದು ಕೂತೀತು ಎಂದು ಕರಾವಳಿಯವರು ಕೇಳುವುದು ಸಹಜ. ನಮ್ಮಲ್ಲಿ ಈ ಚರ್ಚೆ ಎದ್ದಾಗಲೆಲ್ಲ ವಿದೇಶಿ ಹಡಗುಗಳು ನಮ್ಮ ಕಡಲಿಗೆ ನುಗ್ಗುತ್ತವೆ ಎಂಬಲ್ಲಿಗೆ ಹೋಗಿ ನಿಂತುಬಿಡುತ್ತದೆ. ಕಾನೂನಿನ ಮಟ್ಟಿಗೆ ಆ ದಾರಿ ಬಹುಪಾಲು ಮುಚ್ಚಿದೆ. ತೆರೆದಿರುವುದು ದಡದ ದಾರಿ: ಫ್ರೀಜಿಂಗ್ ಘಟಕ, ಕೋಲ್ಡ್ ಸ್ಟೋರೇಜ್, ಮೀನಿನ ಹುಡಿ ಮಾಡುವ ಫಿಶ್‌ಮಿಲ್, ಸಿಗಡಿ ಆಹಾರ, ಸಿಗಡಿ ಮರಿ, ಬೋಟಿಗೆ ಕೊಡುವ ಮುಂಗಡ. ಮೀನಿನ ಬೆಲೆ ನಿರ್ಧಾರವಾಗುವುದು ಅಲ್ಲೇ. ನಮ್ಮ ನಿಯಮಗಳು ತೀರಾ ತೆಳುವಾಗಿರುವುದೂ ಅಲ್ಲೇ.

ಹಣ ಕಳಿಸುವವರ ಮನೆಯ ಕಾನೂನು

ಐಸ್‌ಲ್ಯಾಂಡ್‌ನಿಂದ ಶುರುಮಾಡೋಣ. ವಿದೇಶಿ ಹೂಡಿಕೆಯ ಬಗ್ಗೆ ಅಲ್ಲಿ 1991ರಲ್ಲಿ ಬಂದ 34ನೇ ಸಂಖ್ಯೆಯ ಕಾಯ್ದೆ ಇದೆ. ಅದರ ಪ್ರಕಾರ ಐಸ್‌ಲ್ಯಾಂಡ್‌ನ ಕಡಲಿನಲ್ಲಿ ಮೀನು ಹಿಡಿಯುವ ಕೆಲಸವೂ ಮೀನು ಸಂಸ್ಕರಣೆಯ ಕೆಲಸವೂ ಅಲ್ಲಿನ ನಾಗರಿಕರಿಗೆ, ಅಲ್ಲಿನವರ ಹಿಡಿತದಲ್ಲಿರುವ ಕಂಪನಿಗಳಿಗೆ ಮಾತ್ರ. ಅಂಥ ಕಂಪನಿಯಲ್ಲಿ ಹೊರಗಿನವರ ಪಾಲು ಶೇ 25 ದಾಟುವಂತಿಲ್ಲ. ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಶೇ 33. ಪಾಲಿನ ಮಿತಿ ಒಂದನ್ನೇ ಹೇಳಿ ಕಾಯ್ದೆ ಸುಮ್ಮನಾಗಿಲ್ಲ, ಹಿಡಿತ ಸ್ಥಳೀಯರದೇ ಆಗಿರಬೇಕೆಂದು ಬೇರೆಯಾಗಿ ಹೇಳಿದೆ.

ಕಾಯ್ದೆಯ ನಿಜವಾದ ಸೂಕ್ಷ್ಮ ಇರುವುದು ಸಂಸ್ಕರಣೆಗೆ ಅದು ಎಳೆದ ಗೆರೆಯಲ್ಲಿ. ಮೀನು ಕೆಡದಂತೆ ಮೊದಲ ಹಂತದಲ್ಲಿ ಮಾಡುವ ಎಲ್ಲ ಕೆಲಸ, ಅಂದರೆ ಹೆಪ್ಪುಗಟ್ಟಿಸುವುದು, ಉಪ್ಪು ಹಾಕುವುದು, ಒಣಗಿಸುವುದು, ಎಣ್ಣೆ ತೆಗೆಯುವುದು, ಮೀನಿನ ಹುಡಿ ಮಾಡುವುದು, ಇವಿಷ್ಟೂ ಕಾಯ್ದಿರಿಸಿದ ಕ್ಷೇತ್ರ. ಅದಾದ ಮೇಲೆ ಗ್ರಾಹಕರಿಗೆ ಬೇಕಾದ ಹಾಗೆ ತಯಾರಿಸುವ ಎರಡನೇ ಹಂತದ ಕೆಲಸ ಆ ಮಿತಿಯೊಳಗಿಲ್ಲ; ಅಲ್ಲಿಗೆ ವಿದೇಶಿ ಬಂಡವಾಳ ಬರಬಹುದು. ಗೆರೆಯನ್ನು ಅಲ್ಲೇ ಎಳೆದದ್ದೇಕೆ? ಹಸಿ ಮೀನು ಕಾಯುವ ವಸ್ತುವಲ್ಲ. ಬೋಟು ದಕ್ಕೆಗೆ ಬಂದ ಕೆಲವೇ ತಾಸಿನಲ್ಲಿ ಅದು ಯಾರದೋ ಫ್ರೀಜರ್‌ಗೆ ಹೋಗಲೇಬೇಕು. ಆ ಮೊದಲ ಫ್ರೀಜರ್ ಯಾರದೋ ಬೆಲೆಯನ್ನು ಹೇಳುವವರೂ ಅವರೇ. ಡಬ್ಬಿ ತುಂಬುವವರು, ಮಸಾಲೆ ಹಚ್ಚಿ ಪ್ಯಾಕ್ ಮಾಡುವವರು ಹೆಪ್ಪುಗಟ್ಟಿದ ಮಾಲನ್ನು ಹತ್ತು ಕಡೆಯಿಂದ ತರಿಸಿಕೊಳ್ಳಬಲ್ಲರು, ಮೀನುಗಾರನ ಕುತ್ತಿಗೆ ಹಿಡಿಯುವ ಶಕ್ತಿ ಅವರಿಗಿಲ್ಲ.

ನಾರ್ವೆಯ ದಾರಿ ಸ್ವಲ್ಪ ಬೇರೆ. ಅಲ್ಲಿ ಮೀನುಗಾರಿಕಾ ಹಡಗು ಇಟ್ಟುಕೊಳ್ಳುವ ಕಂಪನಿಯ ಬಂಡವಾಳದಲ್ಲಿ ಕನಿಷ್ಠ ಶೇ 60 ನಾರ್ವೆ ನಾಗರಿಕರದಾಗಿರಬೇಕು. ಇದರ ಮೇಲೆ ಇನ್ನೊಂದು ಷರತ್ತು: ಅರ್ಧಕ್ಕಿಂತ ಹೆಚ್ಚು ಒಡೆತನ ಕಸುಬಿನಲ್ಲಿರುವ ಮೀನುಗಾರರ ಕೈಯಲ್ಲಿರಬೇಕು, ಅಂದರೆ ಕಳೆದ ಐದು ವರ್ಷಗಳಲ್ಲಿ ಮೂರು ವರ್ಷವಾದರೂ ಕಡಲಿಗಿಳಿದು ದುಡಿದವರ ಕೈಯಲ್ಲಿ. ದುಡ್ಡಿದ್ದ ಮಾತ್ರಕ್ಕೆ ಓಸ್ಲೊದ ವ್ಯಾಪಾರಿ ಕೂಡ ಬೋಟಿನ ಒಡೆಯನಾಗಲಾರ. ಬೋಟಿನಿಂದ ಇಳಿದ ಮೀನಿನ ಮೊದಲ ಮಾರಾಟ ಮೀನುಗಾರರದೇ ಮಾರಾಟ ಸಂಘಗಳ ಮೂಲಕ ಆಗಬೇಕು, ಕನಿಷ್ಠ ಬೆಲೆ ಗೊತ್ತುಮಾಡುವ ಅಧಿಕಾರವೂ ಆ ಸಂಘಗಳಿಗೇ ಇದೆ. ಹಾಗಂತ ನಾರ್ವೆ ಎಲ್ಲವನ್ನೂ ಮುಚ್ಚಿಕೊಂಡು ಕೂತಿಲ್ಲ. ಸಾಲ್ಮನ್ ಸಾಕಣೆಯಲ್ಲಿ ವಿದೇಶಿ ಬಂಡವಾಳಕ್ಕೆ ಅವಕಾಶವಿದೆ. ಅಲ್ಲಿನ ದೊಡ್ಡ ಸಾಲ್ಮನ್ ಕಂಪನಿಗಳಲ್ಲೊಂದಾದ ಸರ್ಮಾಕ್ ಅನ್ನು 2014ರಲ್ಲಿ ಜಪಾನಿನ ಮಿತ್ಸುಬಿಷಿ ಕೊಂಡಿತು. ಆದರೆ 2023ರಿಂದ ಕಡಲಿನಲ್ಲಿ ಸಾಕುವ ಸಾಲ್ಮನ್‌ನ ಲಾಭದ ಮೇಲೆ ಶೇ 25ರ ವಿಶೇಷ ಸಂಪನ್ಮೂಲ ತೆರಿಗೆಯನ್ನೂ ಹಾಕಿದೆ. ಕಂಪನಿ ಯಾವ ದೇಶದ್ದಾದರೂ ಸಮುದ್ರವನ್ನು ಬಳಸಿದ ಬಾಡಿಗೆ ಸರ್ಕಾರಕ್ಕೆ ಬರುತ್ತದೆ.

ಈ ಎರಡೂ ದೇಶಗಳು 1994ರಿಂದ ಯುರೋಪಿಯನ್ ಆರ್ಥಿಕ ಪ್ರದೇಶದ ಒಳಗಿವೆ. ಸರಕು, ಸೇವೆ, ಜನ, ಬಂಡವಾಳ ಅಡೆತಡೆಯಿಲ್ಲದೆ ಓಡಾಡಬೇಕೆಂಬುದು ಆ ಒಪ್ಪಂದದ ಬುನಾದಿ. ಅಂಥ ಒಪ್ಪಂದದಲ್ಲೂ ಬಂಡವಾಳಕ್ಕೆ ಸಂಬಂಧಿಸಿದ ಹನ್ನೆರಡನೇ ಅನುಬಂಧದಲ್ಲಿ ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆ ಮತ್ತು ಮೀನು ಸಂಸ್ಕರಣೆಗೂ, ನಾರ್ವೆ ತನ್ನ ಮೀನುಗಾರಿಕಾ ಹಡಗುಗಳಿಗೂ ವಿನಾಯಿತಿ ಬರೆಸಿಕೊಂಡವು. ಅಂದರೆ ಪ್ಯಾರಿಸ್ಸಿನ ಬ್ಯಾಂಕು ರೇಕ್ಯಾವಿಕ್‌ನಲ್ಲಿ ಹೋಟೆಲ್ ಕೊಳ್ಳಬಹುದು, ಕಾಡ್ ಮೀನು ಹಿಡಿಯುವ ಟ್ರಾಲರ್ ಕಂಪನಿಯನ್ನು ಪೂರ್ತಿಯಾಗಿ ಕೊಳ್ಳುವಂತಿಲ್ಲ. ಅದು ಒಂದೇ ಒಂದು ಷರಾ. ಮೂವತ್ತು ವರ್ಷಗಳಿಂದ ಕೆಲಸ ಮಾಡುತ್ತಿದೆ.

ಜಪಾನ್ ಇನ್ನೂ ಎಚ್ಚರದ ದೇಶ. ಪೆಸಿಫಿಕ್ ರಾಷ್ಟ್ರಗಳ ಸಿಪಿಟಿಪಿಪಿ ಒಪ್ಪಂದದಲ್ಲಿ ಅದು ತನ್ನ ಕಡಲಿನ ಮೀನುಗಾರಿಕೆಯನ್ನು ಕಾಯ್ದಿರಿಸುವಾಗ ಮೀನು ಹಿಡಿಯುವುದು ಎಂದಷ್ಟೇ ಬರೆದು ಬಿಟ್ಟಿಲ್ಲ. ಮೀನಿನ ಸಮೀಕ್ಷೆ, ಮೀನನ್ನು ಆಕರ್ಷಿಸುವುದು, ಹಿಡಿದದ್ದನ್ನು ಕೆಡದಂತೆ ಇಡುವುದು ಮತ್ತು ಸಂಸ್ಕರಿಸುವುದು, ಸಾಗಿಸುವುದು, ಕೊನೆಗೆ ಬೇರೆ ಮೀನುಗಾರಿಕಾ ಹಡಗಿಗೆ ಸಾಮಾನು ಪೂರೈಸುವುದನ್ನೂ ಅದರೊಳಗೆ ಸೇರಿಸಿದೆ. ಡೀಸೆಲ್, ಐಸ್, ನೀರು ಕೊಡುವ ಹಡಗು ವಿದೇಶಿಯರದಾದರೆ ಮೀನೂ ಅದೇ ಹಡಗಿನಲ್ಲಿ ಹೊರಟುಹೋಗುತ್ತದೆಂದು ತಿಳಿದವರೇ ಇಂಥ ವಾಕ್ಯ ಬರೆಯಲು ಸಾಧ್ಯ.

ಷರಾ ಬರೆಸಿಕೊಳ್ಳದವರ ಪಾಡು

ಬ್ರಿಟನ್ ಇದರ ಪಾಠವನ್ನು ಭಾರಿ ಬೆಲೆ ತೆತ್ತು ಕಲಿಯಿತು. ಯುರೋಪಿಯನ್ ಸಮುದಾಯದ ದೇಶಗಳಿಗೆ ಮೀನಿನ ಕೋಟಾ, ಅಂದರೆ ಇಷ್ಟು ಮೀನು ಹಿಡಿಯಬಹುದೆಂಬ ಪಾಲು, ಹಂಚಿಕೆಯಾಗುತ್ತಿತ್ತು. ಸ್ಪೇನ್‌ನ ಮೀನುಗಾರಿಕಾ ಕಂಪನಿಗಳು ಬ್ರಿಟನ್ನಿನಲ್ಲಿ ಕಂಪನಿ ನೋಂದಾಯಿಸಿ, ಹಡಗಿಗೆ ಬ್ರಿಟಿಷ್ ಬಾವುಟ ಹಾಕಿ, ಬ್ರಿಟನ್ನಿನ ಕೋಟಾದಲ್ಲೇ ಮೀನು ಹಿಡಿದು ಸ್ಪೇನ್‌ಗೆ ಒಯ್ಯತೊಡಗಿದವು. ಇದನ್ನು ತಡೆಯಲು 1988ರಲ್ಲಿ ಸಂಸತ್ತು ವ್ಯಾಪಾರಿ ನೌಕಾ ಕಾಯ್ದೆ ತಂದು, ಹಡಗಿನ ಕಂಪನಿಯಲ್ಲಿ ಶೇ 75 ಬ್ರಿಟಿಷರ ಒಡೆತನ ಇರಲೇಬೇಕೆಂದಿತು. ಫ್ಯಾಕ್ಟರ್‌ಟೇಮ್ ಎಂಬ ಕಂಪನಿ ಮತ್ತು ಇತರರು ಕೋರ್ಟಿಗೆ ಹೋದರು. 1991ರಲ್ಲಿ ಯುರೋಪಿಯನ್ ನ್ಯಾಯಾಲಯ ಆ ಷರತ್ತು ಸದಸ್ಯ ದೇಶಗಳ ಪ್ರಜೆಗಳಿಗಿರುವ ಉದ್ಯಮ ಸ್ಥಾಪನೆಯ ಹಕ್ಕಿಗೆ ವಿರುದ್ಧವೆಂದು ತೀರ್ಪಿತ್ತಿತು. ಕೊನೆಗೆ ಬ್ರಿಟಿಷ್ ಸರ್ಕಾರ ಸುಮಾರು 5.5 ಕೋಟಿ ಪೌಂಡ್ ಪರಿಹಾರ ಕೊಡಬೇಕಾಯಿತು.

ಒಡೆತನದ ದಾರಿ ಮುಚ್ಚಿದ ಮೇಲೆ ಬ್ರಿಟನ್ ಬೇರೆ ಉಪಾಯ ಹುಡುಕಿತು. 1999ರಿಂದ ಹಡಗಿನ ಲೈಸೆನ್ಸ್‌ನಲ್ಲಿ ಆರ್ಥಿಕ ಸಂಬಂಧ ತೋರಿಸಬೇಕೆಂಬ ಷರತ್ತು ಬಂತು: ಕೋಟಾ ಮೀನಿನ ಅರ್ಧದಷ್ಟನ್ನಾದರೂ ಬ್ರಿಟನ್ನಿನ ಬಂದರಿನಲ್ಲಿ ಇಳಿಸಿ, ಇಲ್ಲವೇ ಅರ್ಧದಷ್ಟು ಸಿಬ್ಬಂದಿ ಅಲ್ಲಿನ ಕರಾವಳಿಯವರಾಗಿರಲಿ, ಇಲ್ಲವೇ ಅಲ್ಲೇ ಖರ್ಚು ಮಾಡಿ, ಇಲ್ಲವೇ ಕೋಟಾದ ಒಂದಂಶ ಬಿಟ್ಟುಕೊಡಿ. ಇದು ಸ್ವಲ್ಪ ನೆರವಾಯಿತು. ಆದರೆ 2019ರ ಲೆಕ್ಕ ತೆಗೆದಾಗ ಇಂಗ್ಲೆಂಡ್‌ನ ಕೋಟಾದ ಮೌಲ್ಯದಲ್ಲಿ ಅರ್ಧಕ್ಕೂ ಹೆಚ್ಚು ನೆದರ್‌ಲ್ಯಾಂಡ್ಸ್, ಸ್ಪೇನ್, ಐಸ್‌ಲ್ಯಾಂಡ್ ಮೂಲದ ಕಂಪನಿಗಳ ಹಡಗುಗಳಲ್ಲಿತ್ತು. ತನ್ನ ಮನೆಯಲ್ಲಿ ಶೇ 25ರ ಗಡಿ ಇಟ್ಟುಕೊಂಡ ಐಸ್‌ಲ್ಯಾಂಡ್‌ನ ಬಂಡವಾಳ ಇಂಗ್ಲೆಂಡ್‌ನ ಕೋಟಾದಲ್ಲಿ ಹೂಡಿಕೆಯಾಗಿದೆ. ಇದರಲ್ಲಿ ಐಸ್‌ಲ್ಯಾಂಡ್‌ನ ತಪ್ಪೇನೂ ಇಲ್ಲ. ಒಪ್ಪಂದದ ಮೇಜಿನಲ್ಲಿ ಒಬ್ಬರು ಬರೆಸಿಕೊಂಡರು, ಇನ್ನೊಬ್ಬರು ಬರೆಸಿಕೊಳ್ಳಲಿಲ್ಲ.

ನಮ್ಮ ಶೇ 60 ಮತ್ತು ಅದರ ಕಿಂಡಿಗಳು

ಭಾರತದ ವಿಶೇಷ ಆರ್ಥಿಕ ವಲಯ ದಡದಿಂದ 200 ನಾಟಿಕಲ್ ಮೈಲಿನವರೆಗೆ, 20 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಮೊದಲ 12 ಮೈಲಿನಲ್ಲಿ ಮೀನುಗಾರಿಕೆ ರಾಜ್ಯದ ಅಧಿಕಾರ. ಕರ್ನಾಟಕದಲ್ಲಿ ಅದಕ್ಕೆ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಅದರಾಚೆ ಕೇಂದ್ರದ್ದು. ವಿದೇಶಿ ಹಡಗುಗಳ ಬಗ್ಗೆ 1981ರ ಕೇಂದ್ರ ಕಾಯ್ದೆ ಯಾವುದು ಭಾರತೀಯ ಹಡಗು ಎಂದು ವ್ಯಾಖ್ಯಾನಿಸುತ್ತದೆ: ಸರ್ಕಾರದ್ದು, ಭಾರತದ ನಾಗರಿಕರದು, ಸಹಕಾರ ಸಂಘದ್ದು, ಅಥವಾ ಕನಿಷ್ಠ ಶೇ 60 ಷೇರು ಬಂಡವಾಳ ಭಾರತದ ನಾಗರಿಕರ ಕೈಯಲ್ಲಿರುವ ಕಂಪನಿಯದು. ನಾರ್ವೆಯದೂ ಶೇ 60, ನಮ್ಮದೂ ಶೇ 60. ಆದರೆ ಕಡಲಿನಲ್ಲಿ ದುಡಿಯುವವನೇ ಒಡೆಯನಾಗಿರಬೇಕೆಂಬ ನಾರ್ವೆಯ ಎರಡನೇ ಷರತ್ತೂ ಮೊದಲ ಮಾರಾಟದ ಷರತ್ತೂ ನಮ್ಮ ವ್ಯಾಖ್ಯಾನದಲ್ಲಿಲ್ಲ. ನಾವು ಎಣಿಸುವುದು ಷೇರು ಮಾತ್ರ.

ಷೇರು ಮಾತ್ರ ಎಣಿಸಿದರೆ ಏನಾಗುತ್ತದೆಂದು ನಮಗೆ ಎರಡು ಸಲ ಗೊತ್ತಾಗಿದೆ. 1991ರ ಆಳಸಮುದ್ರ ಮೀನುಗಾರಿಕೆ ನೀತಿ ಜಂಟಿ ಉದ್ಯಮ, ಗುತ್ತಿಗೆ, ಪ್ರಾಯೋಗಿಕ ಮೀನುಗಾರಿಕೆ ಎಂಬ ಮೂರು ಹೆಸರಿನಲ್ಲಿ ವಿದೇಶಿ ಹಡಗುಗಳಿಗೆ ದಾರಿ ಬಿಟ್ಟಿತು. 1994ರಲ್ಲಿ ದೇಶದ ಕರಾವಳಿಯುದ್ದಕ್ಕೂ ಮೀನುಗಾರರು ಮುಷ್ಕರ ಹೂಡಿದರು. ರಾಷ್ಟ್ರೀಯ ಮೀನು ಕಾರ್ಮಿಕರ ವೇದಿಕೆಯ ಥಾಮಸ್ ಕೋಚೇರಿ ಮುಂದಾಳುಗಳಲ್ಲೊಬ್ಬರು. 1995ರಲ್ಲಿ ಪಿ. ಮುರಾರಿ ಸಮಿತಿ ನೇಮಕವಾಯಿತು. 1996ರ ವರದಿಯಲ್ಲಿ ಆ ಸಮಿತಿ ಕೊಟ್ಟ 21 ಶಿಫಾರಸುಗಳಲ್ಲಿ ಮುಖ್ಯವಾದದ್ದು ಆ ಲೈಸೆನ್ಸ್‌ಗಳನ್ನೆಲ್ಲ ರದ್ದು ಮಾಡಬೇಕು, ಸಾಂಪ್ರದಾಯಿಕ ಮೀನುಗಾರರು ಮತ್ತು 20 ಮೀಟರಿಗಿಂತ ಚಿಕ್ಕ ಯಾಂತ್ರಿಕ ಬೋಟುಗಳು ತಲುಪುವ ಜಾಗವನ್ನು ದೊಡ್ಡ ಹಡಗುಗಳಿಗೆ ಕೊಡಬಾರದು ಎಂಬುದು.

ಎರಡನೆಯದು 2002ರ ಎಲ್‌ಒಪಿ, ಅಂದರೆ ಅನುಮತಿ ಪತ್ರದ ಯೋಜನೆ. ಭಾರತೀಯ ಕಂಪನಿ ಹೊರಗಿನಿಂದ ಹಡಗು ತಂದು, ಇಲ್ಲಿ ನೋಂದಾಯಿಸಿ, ಟ್ಯೂನಾ ಹಿಡಿಯಬಹುದಿತ್ತು. ಕಾಗದದಲ್ಲಿ ಎಲ್ಲ ಸರಿ: ಕಂಪನಿ ಭಾರತೀಯ, ಬಾವುಟ ಭಾರತೀಯ. ಆದರೆ ಇಂಥ ವ್ಯವಹಾರದ ಹುಳುಕು ಹಡಗಿನ ಸಾಲದಲ್ಲಿರುತ್ತದೆ. ಹಡಗು ಮಾರಿದ ವಿದೇಶಿ ಕಂಪನಿಯೇ ಸಾಲ ಕೊಟ್ಟಿರುತ್ತದೆ. ಕಂತು ಕಟ್ಟುವುದು ಹಿಡಿದ ಮೀನಿನಿಂದ. ಮೀನು ಕೊಳ್ಳುವುದೂ ಅದೇ ಕಂಪನಿ ಅಥವಾ ಅದರ ಸೋದರ ಕಂಪನಿ. ಬೆಲೆ ಹೇಳುವುದೂ ಅದೇ. ಬೆಲೆ ಕಡಿಮೆ ತೋರಿಸಿದಷ್ಟೂ ಸಾಲ ತೀರುವುದಿಲ್ಲ, ಇಲ್ಲಿ ಲಾಭವೂ ಕಾಣುವುದಿಲ್ಲ, ತೆರಿಗೆಯೂ ಇಲ್ಲ. ಮೀನು ನಡುಗಡಲಿನಲ್ಲೇ ಇನ್ನೊಂದು ಹಡಗಿಗೆ ದಾಟಿದರೆ ಎಷ್ಟು ಹಿಡಿದರೆಂಬುದಕ್ಕೆ ಲಾಗ್‌ಬುಕ್ಕಿನಲ್ಲಿ ಬರೆದದ್ದೇ ಸಾಕ್ಷಿ. 2014ರಲ್ಲಿ ಬಿ. ಮೀನಾಕುಮಾರಿ ಸಮಿತಿಯ ವರದಿ ಆಳಸಮುದ್ರಕ್ಕೆ ಇನ್ನಷ್ಟು ದೊಡ್ಡ ಹಡಗುಗಳ ಮಾತಾಡಿದಾಗ ಕರಾವಳಿ ಮತ್ತೆ ಬೀದಿಗಿಳಿಯಿತು. 2017ರಲ್ಲಿ ಎಲ್‌ಒಪಿ ಯೋಜನೆ ರದ್ದಾಯಿತು.

ಈಗಿರುವುದು 2025ರ ನವೆಂಬರ್ 4ರಂದು ಪ್ರಕಟವಾದ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆ ನಿಯಮಗಳು. ಯಾಂತ್ರಿಕ ಬೋಟುಗಳಿಗೂ ದೊಡ್ಡ ಮೋಟಾರು ಬೋಟುಗಳಿಗೂ ಬೋಟುಗಳ ನೋಂದಣಿ, ಲೈಸೆನ್ಸ್‌ಗಳ ರಿಯಲ್‌ಕ್ರಾಫ್ಟ್ ಪೋರ್ಟಲ್‌ನಲ್ಲಿ ಉಚಿತ ಪ್ರವೇಶ ಪಾಸ್ ಕಡ್ಡಾಯ, ನಾಡದೋಣಿಯವರಿಗೆ ವಿನಾಯಿತಿ. ಎಲ್‌ಇಡಿ ಬೆಳಕಿನ ಮೀನುಗಾರಿಕೆ, ಜೋಡಿ ಟ್ರಾಲಿಂಗ್, ಬುಲ್ ಟ್ರಾಲಿಂಗ್ ನಿಷೇಧ. ಸಹಕಾರ ಸಂಘಗಳಿಗೆ, ಮೀನುಗಾರರ ಉತ್ಪಾದಕ ಕಂಪನಿಗಳಿಗೆ ಆದ್ಯತೆ. ವಿದೇಶಿ ಹಡಗುಗಳಿಗೆ ಪ್ರವೇಶವಿಲ್ಲ. ಅಂಡಮಾನ್ ಮತ್ತು ಲಕ್ಷದ್ವೀಪದ ಕಡೆ ದೊಡ್ಡ ತಾಯಿ ಹಡಗು ಚಿಕ್ಕ ಬೋಟುಗಳಿಂದ ಮೀನು ಪಡೆಯುವ ವ್ಯವಸ್ಥೆಗೆ ಒತ್ತು ಕೊಟ್ಟಿದ್ದಾರೆ. ಒಳ್ಳೆಯ ಯೋಚನೆಯೇ, ಅನುಮಾನವಿಲ್ಲ. ಆದರೆ ಜಪಾನ್ ತನ್ನ ಪಟ್ಟಿಯಲ್ಲಿ ಹೆಸರಿಟ್ಟು ಕಾಯ್ದಿರಿಸಿದ್ದು ಇದನ್ನೇ. ಚಿಕ್ಕ ಬೋಟುಗಳು ಸಂಘದವು, ತಾಯಿ ಹಡಗು ಮಾತ್ರ ಬೇರೆಯವರ ಸಾಲದ್ದು ಎಂದಾದರೆ ನಡುಗಡಲಿನಲ್ಲಿ ಮೀನಿಗೆ ಒಬ್ಬನೇ ಕೊಳ್ಳುವವನು ಉಳಿಯುತ್ತಾನೆ.

ದಡದ ಮೇಲೆ ಶೇ 100

ಈಗ ದಡಕ್ಕೆ ಬರೋಣ. ಎಫ್‌ಡಿಐ, ಅಂದರೆ ವಿದೇಶಿ ನೇರ ಹೂಡಿಕೆಯ ನೀತಿಯಲ್ಲಿ ಮೀನು ಸಾಕಣೆ ಮತ್ತು ಜಲಕೃಷಿಗೆ ಶೇ 100 ವಿದೇಶಿ ಬಂಡವಾಳ, ಸರ್ಕಾರದ ಮುಂಚಿತ ಅನುಮತಿ ಬೇಡ. ಆಹಾರ ಸಂಸ್ಕರಣೆಗೂ ಶೇ 100. ಸಗಟು ವ್ಯಾಪಾರಕ್ಕೂ, ಕೋಲ್ಡ್ ಸ್ಟೋರೇಜಿಗೂ ಶೇ 100. ನಮ್ಮ ಗಡಿಗೆ ಹೊಂದಿಕೊಂಡ ದೇಶಗಳ ಹೂಡಿಕೆಗೆ 2020ರಿಂದ ಸರ್ಕಾರದ ಒಪ್ಪಿಗೆ ಬೇಕೆಂಬುದೊಂದು ದೊಡ್ಡ ಅಪವಾದ. ಐಸ್‌ಲ್ಯಾಂಡ್ ಎಳೆದ ಮೊದಲ ಹಂತ, ಎರಡನೇ ಹಂತ ಎಂಬ ಗೆರೆ ನಮ್ಮ ನೀತಿಯಲ್ಲಿ ಎಲ್ಲೂ ಇಲ್ಲ. ಫ್ರೀಜಿಂಗ್ ಘಟಕವೂ ಒಂದೇ, ಬಿಸ್ಕತ್ತು ಕಾರ್ಖಾನೆಯೂ ಒಂದೇ.

ಸಿಗಡಿ ಉದ್ಯಮದಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. 2024-25ರಲ್ಲಿ ಭಾರತ 16.98 ಲಕ್ಷ ಟನ್ ಸಾಗರೋತ್ಪನ್ನ ರಫ್ತು ಮಾಡಿ 62,408 ಕೋಟಿ ರೂಪಾಯಿ ಗಳಿಸಿತು; ಅದರಲ್ಲಿ ಸುಮಾರು ಶೇ 70 ಹೆಪ್ಪುಗಟ್ಟಿಸಿದ ಸಿಗಡಿಯದೇ. 2009ರಲ್ಲಿ ಅನುಮತಿ ಸಿಕ್ಕ ವನ್ನಾಮಿ ಎಂಬ ವಿದೇಶಿ ತಳಿ ಇದರ ಬೆನ್ನೆಲುಬು. ಅದರ ತಾಯಿ ಸಿಗಡಿ ಹೊರದೇಶದ ತಳಿ ಕಂಪನಿಗಳಿಂದ ವಿಮಾನದಲ್ಲಿ ಬಂದು, ಚೆನ್ನೈನ ಕ್ವಾರಂಟೈನ್ ಕೇಂದ್ರದಲ್ಲಿ ರೋಗ ಪರೀಕ್ಷೆ ಮುಗಿಸಿ ಮರಿ ಮಾಡಿಸುವ ಹ್ಯಾಚರಿಗೆ ಹೋಗುತ್ತದೆ. ಸಿಗಡಿ ಆಹಾರದಲ್ಲಿ ಥಾಯ್ ಬಂಡವಾಳ ಗಟ್ಟಿಯಾಗಿದೆ: ಆಹಾರ ತಯಾರಿಸುವ ಅವಂತಿ ಫೀಡ್ಸ್‌ನಲ್ಲಿ ಥಾಯ್ಲೆಂಡಿನ ಥಾಯ್ ಯೂನಿಯನ್ ಕಂಪನಿಗೆ ಸುಮಾರು ಕಾಲು ಭಾಗ ಪಾಲು, ಅದರ ಫ್ರೀಜಿಂಗ್ ಕಂಪನಿಯಲ್ಲಿ ಶೇ 40. ಇಂಥ ಪಾಲುದಾರಿಕೆಯಿಂದ ಆಹಾರ ತಯಾರಿಕೆಯ ತಂತ್ರಜ್ಞಾನ ಬಂತು, ಹೊರಗಿನ ದೊಡ್ಡ ಖರೀದಿದಾರರ ಸಂಪರ್ಕ ಬಂತು. ಅದನ್ನು ಒಪ್ಪಲೇಬೇಕು. ಆದರೆ ಕೊಳದ ರೈತನ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಆಹಾರದ್ದು, ಅದರ ಬೆಲೆ ಅವನ ಕೈಲಿಲ್ಲ. ಮರಿಯ ಗುಣ ಅವನ ಕೈಲಿಲ್ಲ. ಮಾಲಿನ ಬೆಲೆ ಅಮೆರಿಕದ ಮಾರುಕಟ್ಟೆಯ ಕೈಲಿ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಹೊಡೆತ ಕೊನೆಗೆ ಬಂದು ಬಿದ್ದದ್ದು ಕೊಳದ ದಂಡೆಯ ದರಕ್ಕೆ.

ಹಿಡಿಯುವ ಮೀನಿನಲ್ಲಿ, ಅದರಲ್ಲೂ ನಮ್ಮ ಕರಾವಳಿಯಲ್ಲಿ, ಗಮನಿಸಬೇಕಾದದ್ದು ಫಿಶ್‌ಮಿಲ್. ಉಳ್ಳಾಲದಿಂದ ಉಡುಪಿಯ ಕಡೆಗೆ ಇಂಥ ಘಟಕಗಳಿವೆ. ಒಂದು ಕಿಲೊ ಮೀನಿನ ಹುಡಿಗೆ ನಾಲ್ಕರಿಂದ ಐದು ಕಿಲೊ ಹಸಿ ಮೀನು ಬೇಕು. ಬಾಯ್ಲರ್, ಪ್ರೆಸ್, ಡ್ರೈಯರ್ ಸಾಲಾಗಿ ಓಡುವ ಯಂತ್ರ ಇದು, ಅರೆಹೊಟ್ಟೆಯಲ್ಲಿ ಓಡಿಸಿದರೆ ಇಂಧನದ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ಒಮ್ಮೆ ಘಟಕ ಕಟ್ಟಿದ ಮೇಲೆ ದಿನವೂ ಇಷ್ಟು ಟನ್ ಬೇಕೇ ಬೇಕು. ಬೂತಾಯಿ ಯಥೇಚ್ಛ ಸಿಗುವ ವರ್ಷ ತೊಂದರೆಯಿಲ್ಲ. ಕೈಕೊಟ್ಟ ವರ್ಷ ಅದೇ ಹೊಟ್ಟೆಗೆ ಟ್ರಾಲ್ ಬಲೆಯ ತಳದ ಮರಿ ಮೀನು ಹೋಗುತ್ತದೆ, ಬೆಳೆದರೆ ಕಿಲೊಗೆ ನೂರಾರು ರೂಪಾಯಿ ತರಬಹುದಾದ ತಳಿಗಳ ಮರಿಯೂ ಸೇರಿ. ಕಡಲಿನಲ್ಲಿ ಎಷ್ಟು ಬೋಟಿರಬೇಕೆಂದು ನಿಯಮವಿದೆ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆಯೂ ಇದೆ. ದಡದಲ್ಲಿ ಎಷ್ಟು ಟನ್ನಿನ ಫಿಶ್‌ಮಿಲ್ ಇರಬಹುದೆಂಬ ಮಿತಿಯನ್ನು ವಿದೇಶಿ ಬಂಡವಾಳ ನೀತಿಯೂ ಹೇಳುವುದಿಲ್ಲ, ವ್ಯಾಪಾರ ಒಪ್ಪಂದವೂ ಹೇಳುವುದಿಲ್ಲ. ಜಗತ್ತಿನ ಸಾಕಣೆ ಮೀನಿಗೆ ಹುಡಿ ಮತ್ತು ಎಣ್ಣೆ ಬೇಕು, ನಾರ್ವೆಯ ಸಾಲ್ಮನ್ನಿಗೂ ಬೇಕು. ಬಂಡವಾಳಕ್ಕೆ ಇದು ಲಾಭದ ಜಾಗ ಎಂದು ಬಲ್ಲ ಐಸ್‌ಲ್ಯಾಂಡ್ ಹುಡಿ ಮಾಡುವುದನ್ನು ಹೆಸರು ಹಿಡಿದು ಕಾಯ್ದಿರಿಸಿಕೊಂಡಿದೆ.

ನಾರ್ವೆಯ ಹಣ ನಮ್ಮ ಕರಾವಳಿಗೆ ಹೊಸದಲ್ಲ ಎಂಬುದನ್ನೂ ನೆನಪಿಡಬೇಕು. 1952ರ ಒಪ್ಪಂದದಿಂದ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದ ನೀಂಡಕರದಲ್ಲಿ ಕೆಲಸ ಆರಂಭಿಸಿ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ಉದ್ದೇಶ ಬಡ ಮೀನುಗಾರರ ಬದುಕು ಸುಧಾರಿಸುವುದು. ಯಾಂತ್ರಿಕ ದೋಣಿ, ಐಸ್, ಫ್ರೀಜಿಂಗ್ ಎಲ್ಲ ಬಂದವು, ಆದರೆ ಸಿಗಡಿಗೆ ಹೊರದೇಶದ ಬೆಲೆ ಸಿಕ್ಕೊಡನೆ ಇಡೀ ವ್ಯವಸ್ಥೆ ರಫ್ತಿನತ್ತ ವಾಲಿ, ಟ್ರಾಲ್ ಬೋಟು ಇಟ್ಟುಕೊಳ್ಳಬಲ್ಲವರ ಪಾಲಾಯಿತು. ಅದು ಅನುದಾನದ ಹಣ, ಈಗ ಬರುವುದು ಲಾಭ ಕೇಳುವ ಹಣ.

ಷೇರಿಲ್ಲದೆ ಹಿಡಿತ

ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಆಳಸಮುದ್ರದ ಟ್ರಾಲ್ ಬೋಟು ಒಂದು ಟ್ರಿಪ್ಪಿಗೆ ಎಂಟು-ಹತ್ತು ದಿನ ಹೊರಡುವಾಗ ಡೀಸೆಲ್, ಐಸ್, ರೇಷನ್, ಕೆಲಸಗಾರರ ಮುಂಗಡ ಎಲ್ಲ ಸೇರಿ ಲಕ್ಷಗಳ ಲೆಕ್ಕ. ರಜೆ ಮುಗಿದು ಆಗಸ್ಟಿನಲ್ಲಿ ಮೊದಲ ಟ್ರಿಪ್ಪಿಗೆ ಹೊರಡುವಾಗ ಬಲೆ ದುರಸ್ತಿ, ಎಂಜಿನ್ ಕೆಲಸದ ಖರ್ಚೂ ಮೇಲೆ. ಬ್ಯಾಂಕು ಇಷ್ಟು ಬೇಗ ಕೊಡದು. ಕೊಡುವವರು ಮೀನು ಕೊಳ್ಳುವವರು. ಮುಂಗಡ ಪಡೆದವನು ಮೀನನ್ನು ಅವರಿಗೇ ಹಾಕಬೇಕು, ದರವನ್ನು ಅವರು ಹೇಳಿದಂತೆ ಒಪ್ಪಬೇಕು. ಇದು ಹಳೆಯ ಪದ್ಧತಿ, ಇಲ್ಲಿಯವರೆಗೆ ಸ್ಥಳೀಯರ ನಡುವೆ ನಡೆದು ಬಂದಿದೆ. ಕಷ್ಟಕ್ಕಾದ ವ್ಯಾಪಾರಿಗಳೂ ಇದ್ದಾರೆ. ಈ ಜಾಗಕ್ಕೆ ಶೇ 100 ವಿದೇಶಿ ಬಂಡವಾಳದ ಸಂಸ್ಕರಣಾ ಕಂಪನಿ ಬಂದು ಇನ್ನೂರು ಬೋಟಿಗೆ ಮುಂಗಡ ಕೊಟ್ಟಿತೆಂದುಕೊಳ್ಳಿ. ಬೋಟಿನಲ್ಲಿ ಅದಕ್ಕೆ ಒಂದು ಷೇರೂ ಇಲ್ಲ. 1981ರ ಕಾಯ್ದೆ ಮುರಿದಿಲ್ಲ. ರಾಣಿ ಮೀನು, ಬೊಂಡಾಸ್, ಬಂಗುಡೆ ಯಾವ ದರಕ್ಕೆ ಎಲ್ಲಿಗೆ ಹೋಗಬೇಕೆಂಬುದು ಅದರ ಮಾತು.

ಕೆನಡಾ ಈ ಕಾಯಿಲೆಯನ್ನು ಗುರುತಿಸಿ ಹೆಸರಿಟ್ಟಿತು, ನಿಯಂತ್ರಣ ಕರಾರು ಎಂದು. ಅಟ್ಲಾಂಟಿಕ್ ಕರಾವಳಿಯಲ್ಲಿ ದಡಕ್ಕೆ ಹತ್ತಿರದ ಕಡಲ ಮೀನುಗಾರಿಕೆಯ ಲೈಸೆನ್ಸ್ ಮೀನುಗಾರನ ಹೆಸರಿನಲ್ಲಿ, ಕಂಪನಿ ಕೊಟ್ಟ ಸಾಲದ ಕರಾರಿನಿಂದ ಅದರ ಉಪಯೋಗ ಕಂಪನಿಯ ಕೈಯಲ್ಲಿ. 2007ರ ನೀತಿ ಅಂಥ ಕರಾರುಗಳಿಂದ ಹೊರಬರಲು ಏಳು ವರ್ಷ ಕೊಟ್ಟಿತು. ಸಾಲದೆಂದು ಕಂಡಾಗ 2021ರ ಏಪ್ರಿಲ್‌ನಿಂದ ನಿಯಮವನ್ನೇ ಗಟ್ಟಿಮಾಡಿದರು: ಲೈಸೆನ್ಸಿನ ಹಕ್ಕು ಮತ್ತು ಹಿಡಿತ ಲೈಸೆನ್ಸ್‌ದಾರನ ಕೈಯಲ್ಲೇ ಇರಬೇಕು, ಅವನೇ ಕಡಲಿಗಿಳಿಯಬೇಕು. ಅದೇ ಕೆನಡಾ ಯುರೋಪಿಯನ್ ಒಕ್ಕೂಟದ ಜತೆ ಸಿಇಟಿಎ ಎಂಬ ವ್ಯಾಪಾರ ಒಪ್ಪಂದ ಮಾಡುವಾಗ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯ ಕಷ್ಟಕ್ಕೆ ಸಿಕ್ಕಿತು. ಅಲ್ಲಿ ಇಳಿದ ಮೀನನ್ನು ಅಲ್ಲೇ ಒಂದು ಹಂತದವರೆಗೆ ಸಂಸ್ಕರಿಸಿ ಹೊರಗೆ ಕಳಿಸಬೇಕೆಂಬ ಹಳೆಯ ನಿಯಮವಿತ್ತು, ಊರೂರಿನ ಫ್ಯಾಕ್ಟರಿ ಕೆಲಸಗಳೆಲ್ಲ ಅದರ ಮೇಲೆಯೇ ನಿಂತಿದ್ದವು. ಯುರೋಪಿಗೆ ಹೋಗುವ ಮೀನಿಗೆ ಅದನ್ನು ಬಿಟ್ಟುಕೊಡುವ ಬದಲಿಗೆ 40 ಕೋಟಿ ಕೆನಡಿಯನ್ ಡಾಲರ್ ನಿಧಿಯ ಮಾತಾಯಿತು. ಬಳಿಕ ಆ ಹಣ ಯಾವುದಕ್ಕೆ ಎಂಬ ಬಗ್ಗೆಯೇ ಕೇಂದ್ರ ಮತ್ತು ಪ್ರಾಂತ್ಯದ ನಡುವೆ ಜಗಳ ಹತ್ತಿ ಏರ್ಪಾಡು ಮುರಿದುಬಿತ್ತು. ಸ್ಥಳೀಯ ಸಂಸ್ಕರಣೆಯ ಷರತ್ತುಗಳು ವ್ಯಾಪಾರ ಒಪ್ಪಂದದಲ್ಲಿ ಮೊದಲು ಕತ್ತರಿ ಬೀಳುವ ಜಾಗ ಎಂಬುದಕ್ಕೆ ಇದು ಸಾಕ್ಷಿ.

ಒಡೆತನ ಸುಂಕಕ್ಕೂ ಅಂಟಿಕೊಂಡಿದೆ

ರಫ್ತುದಾರರು ಮರೆಯಬಾರದ ಒಂದು ವಿಷಯವಿದೆ. 12 ಮೈಲಿನೊಳಗೆ ಹಿಡಿದ ಮೀನು ಆ ದೇಶದ್ದೆಂದೇ ಲೆಕ್ಕ. ಅದರಾಚೆ ಹಿಡಿದದ್ದು ಯಾವ ದೇಶದ ಮೀನು ಎಂಬುದನ್ನು ಹಡಗು ನೋಡಿ ಹೇಳುತ್ತಾರೆ. ಯುರೋಪಿಯನ್ ಒಕ್ಕೂಟದ ಸುಂಕ ರಿಯಾಯಿತಿಗಳಲ್ಲಿ ಸರಕಿನ ಮೂಲ ಯಾವ ದೇಶವೆಂದು ಗೊತ್ತುಮಾಡಲು ರೂಢಿಯಲ್ಲಿರುವ ನಿಯಮದಂತೆ ಹಡಗು ಆ ದೇಶದಲ್ಲಿ ನೋಂದಣಿಯಾಗಿರಬೇಕು, ಆ ದೇಶದ ಬಾವುಟ ಹೊತ್ತಿರಬೇಕು, ಜತೆಗೆ ಕನಿಷ್ಠ ಶೇ 50 ಒಡೆತನ ಅರ್ಹ ದೇಶಗಳವರದಾಗಿರಬೇಕು. ಕಂಪನಿಯದಾದರೆ ಅದರ ಮುಖ್ಯ ಕಚೇರಿಯೂ ಅಲ್ಲೇ ಇರಬೇಕು. ಒಡೆತನದ ದಾಖಲೆ ಸರಿಯಿಲ್ಲದ ಹಡಗಿನ ಒಂದು ಟನ್ ಟ್ಯೂನಾ ಅದೇ ಕಂಟೇನರ್‌ಗೆ ಸೇರಿದರೆ, ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಇಡೀ ಕಂಟೇನರಿನ ರಿಯಾಯಿತಿ ಪ್ರಶ್ನೆಗೆ ಬೀಳುತ್ತದೆ. ಯುರೋಪಿಗೆ ಹೋಗುವ ಹಿಡಿದ ಮೀನಿಗೆ 2010ರಿಂದ ಕ್ಯಾಚ್ ಸರ್ಟಿಫಿಕೇಟ್, ಅಂದರೆ ಕಾನೂನುಬದ್ಧವಾಗಿ ಹಿಡಿದದ್ದೆಂಬ ಪ್ರಮಾಣಪತ್ರ ಕೂಡ ಬೇಕು. ನಮ್ಮಲ್ಲಿ ಅದನ್ನು ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ (ಎಂಪಿಇಡಿಎ) ದೃಢೀಕರಿಸುತ್ತದೆ. ವಿದೇಶಿ ಪಾಲುದಾರನನ್ನು ತರುವ ಬೋಟ್ ಕಂಪನಿಯವರು ಲಾಭದ ಲೆಕ್ಕಕ್ಕಿಂತ ಮೊದಲು ಈ ಲೆಕ್ಕ ಹಾಕಬೇಕು.

2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಜತೆಗಿನ ಒಪ್ಪಂದ ಸಿಗಡಿಯ ಮೇಲಿನ ಶೇ 4.2ರಿಂದ 8.5ರವರೆಗಿನ ಸುಂಕವನ್ನು ಸೊನ್ನೆಗಿಳಿಸುತ್ತದೆ. ಅದರಲ್ಲಿ ಬಂಡವಾಳ ರಕ್ಷಣೆಯ ಅಧ್ಯಾಯವಿಲ್ಲ, ಅದನ್ನು ಪ್ರತ್ಯೇಕ ಒಪ್ಪಂದಕ್ಕೆ ಬಿಟ್ಟಿದ್ದಾರೆ. ಇಎಫ್‌ಟಿಎ ಒಪ್ಪಂದದ ಬಂಡವಾಳ ಅಧ್ಯಾಯವೂ ಪ್ರೋತ್ಸಾಹ ಮತ್ತು ಸಹಕಾರದ್ದು. ಕಂಪನಿಗಳು ಸರ್ಕಾರವನ್ನು ಅಂತರರಾಷ್ಟ್ರೀಯ ಪಂಚಾಯಿತಿಗೆ ಎಳೆಯುವ ಹಕ್ಕು ಅದರಲ್ಲಿಲ್ಲ. ಅಂದರೆ ನಿಯಮ ಬರೆದುಕೊಳ್ಳಲು ನಮಗೆ ಇನ್ನೂ ಜಾಗವಿದೆ. ಆ ಜಾಗ ಕಡಿಮೆಯಾಗುವುದು ಋಣಾತ್ಮಕ ಪಟ್ಟಿಯ ಒಪ್ಪಂದ ಬಂದಾಗ. ಅಲ್ಲಿ ಪಟ್ಟಿಯಲ್ಲಿ ಬರೆಯದ್ದೆಲ್ಲ ತೆರೆದಂತೆ. ಪಟ್ಟಿಯೂ ಎರಡು ಬಗೆ. ಮೊದಲನೆಯದು ಈಗಿರುವ ನಿರ್ಬಂಧಗಳದ್ದು. ಒಮ್ಮೆ ಸಡಿಲಿಸಿದರೆ ಮತ್ತೆ ಬಿಗಿಮಾಡುವಂತಿಲ್ಲ. ಎರಡನೆಯದು ಮುಂದೆಯೂ ಹೊಸ ನಿಯಮ ಮಾಡುವ ಹಕ್ಕನ್ನು ಉಳಿಸಿಕೊಳ್ಳುವ ಪಟ್ಟಿ. ಜಪಾನ್ ಮೀನುಗಾರಿಕೆಯನ್ನು ಇಟ್ಟಿರುವುದು ಎರಡನೆಯದರಲ್ಲಿ. ನಾವೂ ಅಲ್ಲೇ ಇಡಬೇಕು, ಹಡಗಿನ ಜತೆಗೆ ಮೊದಲ ಹಂತದ ಸಂಸ್ಕರಣೆ, ಹುಡಿ ಮತ್ತು ಎಣ್ಣೆ, ತಾಯಿ ಹಡಗಿನ ಪೂರೈಕೆ ಇವನ್ನೂ ಹೆಸರಿಟ್ಟು ಬರೆಯಬೇಕು. ಸಿದ್ಧ ಆಹಾರ, ಪ್ಯಾಕಿಂಗ್, ರೋಗ ಪರೀಕ್ಷೆಯ ಪ್ರಯೋಗಾಲಯ, ತಳಿ ಅಭಿವೃದ್ಧಿಗೆ ಧಾರಾಳವಾಗಿ ಬಂಡವಾಳ ಬರಲಿ. ಅಲ್ಲಿ ನಮಗೆ ಕೊರತೆಯೇ ಇದೆ.

ಒಪ್ಪಂದಕ್ಕೆ ಕಾಯದೆ ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. 2013ರ ಕಂಪನಿ ಕಾಯ್ದೆಯ 90ನೇ ಸೆಕ್ಷನ್ ಪ್ರಕಾರ ಕಂಪನಿಗಳು ಶೇ 10 ಅಥವಾ ಹೆಚ್ಚು ಪಾಲಿನ ಹಿಂದಿರುವ ನಿಜವಾದ ವ್ಯಕ್ತಿಯ ವಿವರ ದಾಖಲಿಸಬೇಕು. ಆ ದಾಖಲೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿರುತ್ತದೆ. ರಿಯಲ್‌ಕ್ರಾಫ್ಟ್‌ನಲ್ಲಿ ಪ್ರವೇಶ ಪಾಸ್ ಕೇಳುವ ಪ್ರತಿ ಕಂಪನಿಯಿಂದ ಆ ದಾಖಲೆ, ಹಡಗಿನ ಸಾಲದ ಕರಾರು, ಮೀನು ಮಾರಾಟದ ಕರಾರು ಮೂರನ್ನೂ ಪಡೆದು ಒಟ್ಟಿಗೆ ಇಟ್ಟು ನೋಡಿದರೆ ಸಾಲ ಕೊಟ್ಟವನೂ ಮೀನು ಕೊಳ್ಳುವವನೂ ಒಬ್ಬನೇ ಆಗಿರುವ ಹಡಗುಗಳು ಮೊದಲ ಟ್ರಿಪ್ಪಿಗೆ ಹೊರಡುವ ಮುಂಚೆಯೇ ಗೊತ್ತಾಗುತ್ತವೆ.